ಪಾಯಿಂಟ್ ಇಲ್ಲದ ಬಾಕ್ಸ್

3 ಮಾರ್ಚ್ 2025, ಸೋಮವಾರ

ಮಳೆ ಇಲ್ಲ. ಬಿಸಿಲು ಈಗಲೇ ಸುಡುತ್ತಿದೆ.

ಪೂಜೆ ಮುಗಿಸಿ ಬರುವಷ್ಟರಲ್ಲಿ ಚೋಮಿ ನರ್ಸರಿಗೆ ನೀರು ಹಾಕಿ ಆಗಿತ್ತು. ಅರ್ಧಂಬರ್ಧ. ಮೂಲೆಯ ಗಿಡದ ಬ್ಯಾಗುಗಳ ಮಣ್ಣು ಒಣಗಿ ಬಿರಿದಿತ್ತು. ಕರೆದು ತೋರಿಸಿದೆ. "ಪೈಪು ಅಲ್ಲಿಗೆ ಮುಟ್ಟಲ್ಲ ಅಮ್ಮಾ" ಅಂದಳು. "ನಿನ್ನ ಕಾಲು ಮುಟ್ಟುತ್ತಲ್ಲ" ಅಂದೆ. ಬಿಂದಿಗೆ ಎತ್ತಿಕೊಂಡು ಹೋದಳು.

ನರ್ಸರಿ ನನ್ನದಲ್ಲ. ಜಾಗ ಮಾತ್ರ ನನ್ನದು. ಕುಸುಮಾ ಮತ್ತು ಅವಳ ಗಂಡ ತೀರ್ಥಪ್ರಸಾದ್ ಮಾಡಿಕೊಂಡಿರುವುದು — ಕರಿಮೆಣಸಿನ ಬಳ್ಳಿ, ಕಾಫಿ ಗಿಡ. ಮಳೆ ಹಿಡಿದ ಮೇಲೆ ಮಾರುವುದಕ್ಕೆ. ಅವರು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ಮುಚ್ಚಿದ ಮೇಲೆ ಇಬ್ಬರೂ ಇಲ್ಲಿಗೆ ಬಂದರು. ಮಗಳ ಮುಖ ನೋಡಿ ರಸ್ತೆ ಪಕ್ಕದ ಗದ್ದೆ ಬಿಟ್ಟುಕೊಟ್ಟೆ. ಗಿಡಕ್ಕೆ ಹೊಡೆಯುವ ಮದ್ದಿನ ರೂಮಿನ ಬೀಗದ ಕೈ ಬಿಟ್ಟುಕೊಟ್ಟಿಲ್ಲ.

ಊಟ ಆದ ಮೇಲೆ ಕುಸುಮಾ ಕರೆದಳು. "ಅವ್ವ, ಬಾ ಇಲ್ಲಿ, ಇವರು ಏನೋ ಮಾಡಿದಾರೆ ನೋಡು."

ಲ್ಯಾಪ್‌ಟಾಪ್ ಮೇಲೆ ಒಂದಷ್ಟು ಸಾಲು ಇಂಗ್ಲಿಷ್. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಅಂತೆ. ತೀರ್ಥಪ್ರಸಾದ್ ಏನೋ ಒತ್ತಿದರು. ಪುಟ್ಟ ವಿಂಡೋ ಒಂದು ಎದ್ದು ನಿಂತಿತು. ವಿಂಡೋ ಅಂದರೆ ಕಿಟಕಿ ತಾನೆ, ಕಿಟಕಿ ಅಂತಲೇ ಬರೆಯುತ್ತೇನೆ. ಗಿಡದ ಹೆಸರು ಆರಿಸುವುದಕ್ಕೆ ಒಂದು ಪಟ್ಟಿ. ಬ್ಯಾರೆಲ್ ಎಷ್ಟು ಲೀಟರಿನದು ಅಂತ ಒಂದು ಬಾಕ್ಸ್. ಲೀಟರಿಗೆ ಎಷ್ಟು ಗ್ರಾಂ ಮದ್ದು ಅಂತ ಇನ್ನೊಂದು. ಮಳೆ ಬಂದಿದೆಯೇ — ಅದಕ್ಕೆ ಟಿಕ್. ಕೆಳಗಿನ ಬಟನ್ ಒತ್ತಿದರೆ ಬ್ಯಾರೆಲ್‌ಗೆ ಒಟ್ಟು ಎಷ್ಟು ಹಾಕಬೇಕು ಅಂತ ಹೇಳುತ್ತದೆ.

"ಈ ಬಾಕ್ಸೆಲ್ಲ ಕೂತು ಬಿಡಿಸಿದ್ದಾ?"

"ಒಂದೂ ಬಿಡಿಸಿಲ್ಲ ಅತ್ತೆ. ಲೆಕ್ಕ ಮಾಡ್ಲಿಕ್ಕೆ ಒಂದು ಫಂಕ್ಷನ್ ಬರೆದದ್ದು, ಅಷ್ಟೇ. ಅದಕ್ಕೆ ನಾವು ಕೊಡುವ ಪ್ರತಿಯೊಂದರ ಪಕ್ಕ ಅದು ಯಾವ ಟೈಪ್ ಅಂತ ಹೇಳಿಬಿಟ್ಟರೆ ಕಿಟಕಿ ತನ್ನಷ್ಟಕ್ಕೆ ಕಟ್ಟಿಕೊಳ್ತದೆ."

"ಟೈಪ್ ಅಂದ್ರೇನು? ಜಾತಿನಾ?"

ಕುಸುಮಾ ತಲೆ ತಗ್ಗಿಸಿದಳು. ಅವರು ಮಾತ್ರ ನಕ್ಕರು. "ಜಾತಿ ಅಂತಲೇ ಇಟ್ಕೊಳ್ಳಿ. ಇದು ಪಾಯಿಂಟ್ ಇರುವ ಸಂಖ್ಯೆ — ಫ್ಲೋಟ್ ಜಾತಿ. ಇದು ಪಾಯಿಂಟ್ ಇಲ್ಲದ್ದು — ಇಂಟ್ ಜಾತಿ. ಇದು ಹೌದು-ಅಲ್ಲ ಜಾತಿ, ಅದಕ್ಕೇ ಟಿಕ್ ಬಂತು."

ಗಿಡಕ್ಕೆ ಜಾತಿ ಅನ್ನುವುದಿಲ್ಲವೇ, ಆ ಅರ್ಥದಲ್ಲಿ ಕೇಳಿದ್ದು. ಕುಸುಮಾಗೆ ಕೇಳಿಸಿದ್ದು ಬೇರೆ. ನಾವು ಲಿಂಗಾಯತರು, ಅವರು ಮೂರ್ನಾಡು ಕಡೆಯ ಅರೆಭಾಷೆ ಗೌಡರು. ನಾಲ್ಕು ವರ್ಷದ ಹಿಂದೆ ನಾನು ಮದುವೆಗೆ ಹೋಗಲಿಲ್ಲ. ಆ ಶಬ್ದ ನನ್ನ ಬಾಯಿಂದ ಬಂದರೆ ಅವಳು ಇನ್ನೂ ಹಾಗೇ ತಲೆ ತಗ್ಗಿಸುತ್ತಾಳೆ.


11 ಮಾರ್ಚ್, ಮಂಗಳವಾರ

ಮಳೆ ಇಲ್ಲ.

ಇವತ್ತು ನಾನೇ ಕೇಳಿ ಲ್ಯಾಪ್‌ಟಾಪ್ ಎದುರು ಕೂತೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಇಡೀ ಸ್ಕೂಲಿಗೆ ಮೊದಲು ಬಂದವಳು ನಾನು. ಅಪ್ಪ ಮುಂದೆ ಓದಿಸಲಿಲ್ಲ, ಆ ಮಾತು ಬೇರೆ.

ಟಿಕ್ ಇರುವ ಕಡೆ ಜಾತಿ ಅಳಿಸಿ ಬೇರೆ ಬರೆಯಲಿಕ್ಕೆ ತೀರ್ಥಪ್ರಸಾದ್ ಹೇಳಿದರು. ಬರೆದೆ. ಟಿಕ್ ಹೋಗಿ ಅಕ್ಷರ ಬರೆಯುವ ಬಾಕ್ಸ್ ಬಂತು. ತಾರೀಕು ಅಂತ ಬರೆದರೆ ಕ್ಯಾಲೆಂಡರೇ ಬಂತು. ಒಂದು ಶಬ್ದ ಬದಲಾದರೆ ಮುಖವೇ ಬದಲು. ಮಜಾ ಇದೆ. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ.

"ಸುಳ್ಳು ಜಾತಿ ಹೇಳಿದರೆ?" ಅಂದೆ.

"ಪೈಥಾನ್ ತಲೆ ಕೆಡಿಸಿಕೊಳ್ಳಲ್ಲ ಅತ್ತೆ. ಅದಕ್ಕೆ ಇದು ಬರೀ ಸೂಚನೆ. ಕಿಟಕಿ ಮಾತ್ರ ನಾವು ಹೇಳಿದ್ದನ್ನೇ ನಂಬ್ತದೆ."

ಹೋಗುವಾಗ ಕುಸುಮಾನ ಕಿವಿಯಲ್ಲಿ ಏನೋ ಹೇಳಿದರು. ಅವಳು ನಕ್ಕಳು. ಆಮೇಲೆ ಕೇಳಿದರೆ — "ಕಾಲೇಜಲ್ಲಿ ಇಷ್ಟು ಬೇಗ ಹಿಡಿದವರು ಯಾರೂ ಇರಲಿಲ್ಲ ಅಂದ್ರು ಅವ್ವ." ನನಗೇ ನೇರ ಹೇಳಬಹುದಿತ್ತು. ಹೇಳುವ ಧೈರ್ಯ ನಾನು ಕೊಟ್ಟಿದ್ದರೆ ತಾನೆ.


24 ಮಾರ್ಚ್, ಸೋಮವಾರ

ಮಳೆ 85 ಸೆಂಟ್, ಒಂದಿಂಚಿಗೆ ಹದಿನೈದೇ ಕಡಿಮೆ. ಕಾಫಿ ಅರಳಿಸುವ ಹೂ ಮಳೆ ಬಂತು, ಸದ್ಯ. ಯಜಮಾನರು ಇದ್ದಿದ್ದರೆ ಮಳೆ ಮಾಪಕದ ಹತ್ತಿರ ಛತ್ರಿ ಹಿಡಿದು ನಿಂತೇ ಇರುತ್ತಿದ್ದರು. ಅವರು ಹೋದ ಮೇಲೆ ಬರೆಯುವ ಕೆಲಸ ನನ್ನದಾಯಿತು. ಮಳೆ ಬರೆಯಲು ಶುರು ಮಾಡಿದವಳು ಈಗ ಏನೇನೋ ಬರೆಯುತ್ತೇನೆ.

ಕಿಟಕಿಯಲ್ಲಿ ಇವತ್ತು ಒಂದು ಬಾಕ್ಸ್ ಕಾಣೆ. ಮದ್ದು ಹೊಡೆದವರ ಹೆಸರು ಬರೆಯುವುದಕ್ಕೆ ಅಂತ ನಾನೇ ಸೇರಿಸಿದ್ದು. ಸಾಲಿನಲ್ಲಿ ಇದೆ, ಕಿಟಕಿಯಲ್ಲಿ ಇಲ್ಲ.

ತೀರ್ಥಪ್ರಸಾದ್ ಬಂದು ನೋಡಿದರು. "ಹೆಸರು ಹಾಕಿದ್ದೀರಿ ಅತ್ತೆ, ಪಕ್ಕದಲ್ಲಿ ಅದು ಏನು ಅಂತ ಹೇಳಿಲ್ಲ. ಏನು ಅಂತ ಹೇಳದಿದ್ದರೆ ಅದಕ್ಕೆ ಕಿಟಕಿಯಲ್ಲಿ ಜಾಗ ಇಲ್ಲ."

"ಸಾಲಲ್ಲಿ ಉಂಟಲ್ಲ?"

"ಸಾಲಲ್ಲಿ ಉಂಟು. ಮನೆ ಒಳಗೆ ಉಂಟು. ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೇ."

ಉಂಟು ಅಂದೆ ನಾನು. ಅವರ ಮಾತು ನನ್ನ ನಾಲಿಗೆಗೆ ಹತ್ತುತ್ತಿದೆ.


30 ಮಾರ್ಚ್, ಯುಗಾದಿ

ಮಳೆ ಇಲ್ಲ.

ಬೇವು ಬೆಲ್ಲ ಎಲ್ಲರಿಗೂ ಕೊಟ್ಟೆ. ಒಬ್ಬಟ್ಟು ಚೆನ್ನಾಗಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪ ಕೆಲಸದವರ ಲೈನ್ ಮನೆಯಿಂದ ಬಂದಿದ್ದ. ಜಗಲಿಯಲ್ಲಿ ಕೂತು, "ಅಳಿಯಂದಿರಿಗೆ ಒಂದು ಒಬ್ಬಟ್ಟು ಜಾಸ್ತಿ ಹಾಕಿ ಅಮ್ಮಾ, ಕಂಪ್ಯೂಟರ್ ಎದುರು ಕೂತು ಒಣಗಿದ್ದಾರೆ" ಅಂದ. ನಾನು ಕೇಳಿಸದವಳ ಹಾಗೆ ಒಳಗೆ ಹೋದೆ.

ಆ ಶಬ್ದ ನಾನು ಹೇಳಿಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ, ಈಗ ಬೆಳ್ಳಿಯಪ್ಪನ ಬಾಯಲ್ಲಿ ಬಂದದ್ದು ಬಿಟ್ಟರೆ. ಕುಸುಮಾನ ಗಂಡ ಅನ್ನುತ್ತೇನೆ. ಅವರು ಅನ್ನುತ್ತೇನೆ. ಎದುರಿಗೆ ಕರೆಯುವ ಪ್ರಸಂಗ ಬಂದರೆ — "ಇಲ್ಲಿ ನೋಡಿ".

ಅವರ ಲೋಟವೂ ಬೇರೆ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಅಂಚು ನಗ್ಗಿದ ಸ್ಟೀಲ್ ಲೋಟ. ಮೊದಲ ಸಲ ಬಂದಾಗ ಅದರಲ್ಲಿ ಕಾಫಿ ಕೊಟ್ಟೆ. ಈಗ ಅವರೇ ಹುಡುಕಿ ಅದನ್ನೇ ತೆಗೆದುಕೊಳ್ಳುತ್ತಾರೆ. ಇವತ್ತು ಹಬ್ಬದ ದಿನವೂ.

ಸಂಜೆ ಅವರ ಅವ್ವನ ಫೋನು. ಅರೆಭಾಷೆಯಲ್ಲಿ ಮಾತು. ನನಗೆ ಪೂರ್ತಿ ಅರ್ಥ ಆಗುತ್ತದೆ. ಆಗದ ಹಾಗೆ ಇರುತ್ತೇನೆ. ಆಕೆ ಕೇಳುತ್ತಿದ್ದದ್ದು ಇಷ್ಟೇ — ಅಲ್ಲಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಅಂತ. ಅವರು ಹೂಂ ಅಂದರು.


19 ಏಪ್ರಿಲ್, ಶನಿವಾರ

ಮಳೆ 40 ಸೆಂಟ್.

ಬಹಳ ದಿನ ಆಯಿತು ಬರೆದು. ಸಂತೆಗೆ ಬಂದವರು ಹಾಗೇ ನರ್ಸರಿ ನೋಡಿಕೊಂಡು ಹೋಗುತ್ತಿದ್ದಾರೆ. ಬಳ್ಳಿ ಚಿಗುರಿ ಕಣ್ಣಿಗೆ ಹಬ್ಬ. ನಾಣಯ್ಯನವರು ತಮ್ಮ ಇಡೀ ಹೊಸ ತೋಟಕ್ಕೆ ಬಳ್ಳಿ ಇಲ್ಲಿಂದಲೇ ಅಂತ ಮಾತು ಕೊಟ್ಟು ಹೋದರು. "ನಿಮ್ಮ ಮನೆ ಮಾತಿನ ಮೇಲೆ ರುದ್ರಮ್ಮನವರೇ" ಅಂದರು. ಅವರ ನೋಡಿ ಇನ್ನಷ್ಟು ಜನ. ಇವರಿಬ್ಬರ ಮುಖ ನೋಡಬೇಕಿತ್ತು. ಈ ವರ್ಷದ ಗಿಡ ಮಾರಿಹೋದರೆ ಇಲ್ಲೇ ನಿಲ್ಲುತ್ತೇವೆ, ಇಲ್ಲದಿದ್ದರೆ ಮೂರ್ನಾಡಿಗೆ ಅವರ ಅಣ್ಣನ ಮನೆಗೆ — ಕುಸುಮಾ ಮೊದಲೇ ಹೇಳಿದ್ದಳು.

ಬೆಳ್ಳಿಯಪ್ಪನಿಗೆ ಕಿಟಕಿಯ ಅಭ್ಯಾಸ ಮಾಡಿಸುತ್ತಿದ್ದೇನೆ. ಅವನ ಬೆರಳು ದಪ್ಪ. ಗ್ರಾಂ ಬಾಕ್ಸಿನ ಪಕ್ಕದ ಬಾಣ ಒತ್ತುತ್ತಾನೆ — ಎರಡು ಬೇಕಾದರೆ 2.03ಕ್ಕೆ ಬಂದು ನಿಲ್ಲುತ್ತದೆ. ಒಂದು ಸಲ 1.98. "ಇದೆಂಥ ಅಮ್ಮಾ, ಜಿಗಣೆ ಹಾಗೆ ಹರಿಯುತ್ತದೆ" ಅಂತಾನೆ. ಇಷ್ಟು ದಿನ ಹೊಡೆದ ಮದ್ದೆಲ್ಲ ಎರಡು, ಮೂರು, ಹತ್ತು. ಈ ಪಾಯಿಂಟ್ ಯಾಕೆ ಬೇಕು?


26 ಏಪ್ರಿಲ್, ಶನಿವಾರ, ಮಧ್ಯಾಹ್ನ

ಮಳೆ ಇಲ್ಲ.

ಇಬ್ಬರೂ ಬೆಳಗ್ಗೆ ಮೂರ್ನಾಡಿಗೆ ಹೋದರು. ಅವರ ತಂಗಿಯ ಮಗುವಿನ ನಾಮಕರಣ. ನನ್ನನ್ನೂ ಕರೆದಿದ್ದರು. ಅವರ ಅವ್ವನೇ ಫೋನಲ್ಲಿ, "ನೀವು ಬಂದರೆ ನಮಗೆ ದೊಡ್ಡ ಸಂತೋಷ" ಅಂತ. ಮಂಡಿ ನೋವು ಅಂದೆ. ಮಂಡಿ ಸರಿಯಾಗಿಯೇ ಇದೆ.

ಹೊರಡುವಾಗ ಅವರು ಹೇಳಿದ್ದು — "ಹೊಸ ಪುಡಿ ಬಂದಿದೆ ಅತ್ತೆ, ಎಲೆಗೆ ಹೊಡೆಯುವುದು. ನಾನು ಬಂದ ಮೇಲೆ ಹೊಡೆಯುವ. ಒಂದೆರಡು ದಿನ ತಡ ಆದರೂ ಚಿಂತೆ ಇಲ್ಲ."

ಯಾಕೆ, ಅವರಿಲ್ಲದೆ ಈ ಮನೆಯಲ್ಲಿ ಮದ್ದು ಹೊಡೆದೇ ಇಲ್ಲವೇ?

ಲ್ಯಾಪ್‌ಟಾಪ್ ಇಲ್ಲೇ ಇದೆ. ತೆಗೆದು ಆ ಸಾಲಿಗೆ ಹೋದೆ. ಗ್ರಾಂ ಪಕ್ಕ ಫ್ಲೋಟ್ ಅಂತ ಇತ್ತು. ಅಳಿಸಿದೆ. ಐ, ಎನ್, ಟಿ. ಸೇವ್ ಮಾಡಿದೆ. ಕಿಟಕಿ ತೆರೆದರೆ ಪಾಯಿಂಟ್ ಮಾಯ! ಬಾಣ ಒತ್ತಿದರೆ ಒಂದು, ಎರಡು, ಮೂರು. ಜಿಗಣೆ ಇಲ್ಲ. ಬೆಳ್ಳಿಯಪ್ಪನಿಗೆ ತೋರಿಸಿದೆ. "ಅಮ್ಮಾವ್ರು ಇಂಜಿನಿಯರ್ ಆದ್ರಲ್ಲ" ಅಂದ. ಬೈದು ಕಳಿಸಿದೆ. ಆದರೆ ಖುಷಿ ಆಯಿತು. ಬಂದ ಮೇಲೆ ಅವರಿಗೂ ತೋರಿಸಬೇಕು — ನಿಮ್ಮ ಕಿಟಕಿ ನಾನು ಸರಿ ಮಾಡಿದೆ ಅಂತ.


27 ಏಪ್ರಿಲ್, ಭಾನುವಾರ

ಮಳೆ ಇಲ್ಲ. ಮೋಡವೂ ಇಲ್ಲ.

ಹೊಸ ಪುಡಿ ಹೊಡೆಸಿಬಿಟ್ಟೆ.

ನಾನು ಲ್ಯಾಪ್‌ಟಾಪ್ ಎದುರು, ಬೆಳ್ಳಿಯಪ್ಪ ಕಟ್ಟೆ ಮೇಲೆ ಚೀಲ ಹಿಡಿದು ಓದಿದ: "ಲೀಟರಿಗೆ ಎರಡೂವರೆ ಗ್ರಾಂ ಅಂತ ಉಂಟು. ಎರಡು ಪಾಯಿಂಟ್ ಐದು." ಒಂದೇ ಬೆರಳಲ್ಲಿ ಕೀ ಹುಡುಕಿ ಹುಡುಕಿ ಹೊಡೆದೆ. ಎರಡು. ಪಾಯಿಂಟ್. ಐದು. ಇನ್ನೂರು ಲೀಟರ್ ಬ್ಯಾರೆಲ್. ಬಟನ್ ಒತ್ತಿದೆ. ಐದು ಕೆಜಿ ಅಂತ ಬಂತು. ಚೀಲವೂ ಐದು ಕೆಜಿಯದೇ. ಬ್ಯಾರೆಲ್‌ಗೆ ಒಂದು ಚೀಲ. ಕಂಪನಿಯವರು ಲೆಕ್ಕ ಹಾಕಿಯೇ ಚೀಲ ಮಾಡಿದ್ದಾರೆ ಅಂದೆ. ಹೌದು ಅಂದ.

ಚೋಮಿಯ ಗಂಡ ಹೆಗಲ ಪಂಪಿನಲ್ಲಿ ಹೊಡೆದು ಮುಗಿಸಿದ. ಎಲೆಯೆಲ್ಲ ಮಿಂಚುತ್ತಿತ್ತು.


28 ಏಪ್ರಿಲ್, ಸೋಮವಾರ

ಮಳೆ ಇಲ್ಲ.

ಚಿಗುರು ಸ್ವಲ್ಪ ಬಾಡಿದ ಹಾಗೆ. ಬಿಸಿಲಿಗಿರಬೇಕು. ಚೋಮಿಗೆ ಎರಡು ಸಲ ನೀರು ಹಾಕಲು ಹೇಳಿದೆ.


29 ಏಪ್ರಿಲ್, ಮಂಗಳವಾರ, ಬೆಳಗ್ಗೆ

ಬಿಸಿಲಿಗಲ್ಲ.

ಎಲೆಯ ಅಂಚೆಲ್ಲ ಕಂದು. ಬೆಂಕಿ ತಾಗಿಸಿದ ಕಾಗದದ ಹಾಗೆ ಸುರುಟಿಕೊಂಡಿದೆ. ಚಿಗುರು ಕಪ್ಪು. ಮುಟ್ಟಿದರೆ ಉದುರುತ್ತದೆ. ಒಂದು ಸಾಲಲ್ಲ, ಎಲ್ಲ ಸಾಲೂ. ಮೇಲಿನ ತುದಿಯಲ್ಲಿ ಪಂಪು ಮುಟ್ಟದ ಕಡೆ ಮಾತ್ರ ಹಸಿರು. ಚೋಮಿ ಒಂದು ಬಳ್ಳಿ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡಿದಳು.

ಒಳಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಈ ಸಲ ಕೀ ಮೇಲಲ್ಲ, ಪರದೆ ಮೇಲೆ ಕಣ್ಣಿಟ್ಟು ಒತ್ತಿದೆ. ಎರಡು — ಬಿತ್ತು. ಪಾಯಿಂಟ್ — ಬೀಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಬೀಳಲಿಲ್ಲ. ಐದು — ಬಿತ್ತು. 25.

ಪಾಯಿಂಟ್ ಬೇಡ ಅಂತ ನಾನೇ ಜಾತಿ ಬದಲಾಯಿಸಿದ್ದೆ. ಮಾರನೇ ದಿನವೇ ಮರೆತು ನಾನೇ ಪಾಯಿಂಟ್ ಒತ್ತಿದ್ದೆ. ಬಾಕ್ಸು ನಾನು ಹೇಳಿದ್ದನ್ನೇ ನಂಬಿ ಅದನ್ನು ನುಂಗಿತು. ಹತ್ತು ಪಟ್ಟು. ಬ್ಯಾರೆಲ್‌ಗೆ ಅರ್ಧ ಕೆಜಿ ಹಾಕಬೇಕಿತ್ತು.

ಅವರು ಸಂಜೆ ಬರುತ್ತಾರೆ.


ಅದೇ ದಿನ, ಮಧ್ಯಾಹ್ನ

ಐ ಎನ್ ಟಿ ಅಳಿಸಿ ಮತ್ತೆ ಫ್ಲೋಟ್ ಬರೆದೆ. ಸೇವ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ಅದಕ್ಕೇ ನನಗೆ ಹೆದರಿಕೆ ಆಗುತ್ತಿರುವುದು.


30 ಏಪ್ರಿಲ್, ಬುಧವಾರ

ನಿನ್ನೆ ಬಂದವರು ಚೀಲವನ್ನು ಜಗಲಿಯಲ್ಲೇ ಇಟ್ಟು ನರ್ಸರಿಗೆ ಓಡಿದರು. ಅಲ್ಲಿನವರು ಕೊಟ್ಟು ಕಳಿಸಿದ ಸಿಹಿ ಆ ಚೀಲದಲ್ಲೇ ಉಳಿಯಿತು.

ಕುಸುಮಾ ಬೆಳ್ಳಿಯಪ್ಪನ ಮೇಲೆ ಕೂಗಾಡಿದಳು. "ಯಾರು ಹೊಡೆಯಕ್ಕೆ ಹೇಳಿದ್ದು?"

ಅವನು ನನ್ನ ಕಡೆ ನೋಡಿದ.

"ನಾನೇ ಹೇಳಿದ್ದು" ಅಂದೆ. "ಕಂಪ್ಯೂಟರ್ ಎಷ್ಟು ಹೇಳಿತೋ ಅಷ್ಟೇ ಹಾಕಿದ್ದು. ಬೆಳ್ಳಿಯಪ್ಪನೂ ಇದ್ದ, ಕೇಳು."

"ಹೌದಕ್ಕಾ, ಅದೇ ಐದು ಕೆಜಿ ಹೇಳಿದ್ದು" ಅಂದ ಅವನು.

ಒಂದಕ್ಷರ ಸುಳ್ಳಿಲ್ಲ. ಇಂಥ ನಿಜ ನಾನು ಬದುಕಿನಲ್ಲಿ ಆಡಿರಲಿಲ್ಲ.

ಕುಸುಮಾ ಗಂಡನ ಕಡೆ ತಿರುಗಿದಳು. "ಏನ್ರೀ ನಿಮ್ಮ ಪ್ರೋಗ್ರಾಂ? ಒಂದು ಗುಣಾಕಾರ ಬರಲ್ವಾ ಅದಕ್ಕೆ?" ಎಲ್ಲರ ಎದುರು. ಚೋಮಿಯ ಎದುರು ಕೂಡ.

ಅವರು ಲ್ಯಾಪ್‌ಟಾಪ್ ತೆಗೆದು ಕೂತರು. 2.5 ಹೊಡೆದರು. ಅರ್ಧ ಕೆಜಿ ಬಂತು. ಮತ್ತೆ ಹೊಡೆದರು. ಅರ್ಧ ಕೆಜಿ. ಇನ್ನೇನೋ ಒತ್ತಿ ಬಹಳ ಹೊತ್ತು ನೋಡುತ್ತಾ ಇದ್ದರು. ನಾನು ತೊಗರಿಬೇಳೆ ಆರಿಸುತ್ತಿದ್ದೆ. ಕಲ್ಲೂ ಇರಲಿಲ್ಲ, ಮಣ್ಣೂ ಇರಲಿಲ್ಲ, ಆರಿಸುತ್ತಲೇ ಇದ್ದೆ.

ಆಮೇಲೆ ಮುಚ್ಚಿಟ್ಟು, "ತಪ್ಪು ನಂದೇ" ಅಂದರು. "ಗ್ರಾಂ ಹತ್ತು ದಾಟಬಾರದು ಅಂತ ಒಂದು ಮಿತಿ ಇಡಬೇಕಿತ್ತು. ಇಡಲಿಲ್ಲ."


6 ಮೇ, ಮಂಗಳವಾರ

ಮಳೆ 20 ಸೆಂಟ್.


9 ಮೇ, ಶುಕ್ರವಾರ

ಮಳೆ ಇಲ್ಲ.

ನಾಣಯ್ಯನವರು ಜೀಪಿನಲ್ಲಿ ಬಂದರು. ನರ್ಸರಿ ಅಂಚಿನಲ್ಲಿ ನಿಂತು ಟೋಪಿ ತೆಗೆದರು. ಸಾವಿನ ಮನೆಗೆ ಬಂದ ಹಾಗೆ.

"ಅಲ್ಲ ರುದ್ರಮ್ಮನವರೇ, ನಿಮ್ಮ ಅಳಿಯ ಗಿಡಗಳಿಗೂ ಪರೀಕ್ಷೆ ಇಟ್ಟಿದ್ರಾ? ಇಡೀ ಕ್ಲಾಸೇ ಫೇಲ್ ಆಗಿದೆಯಲ್ಲ!"

ಡ್ರೈವರ್ ನಕ್ಕ. ತೀರ್ಥಪ್ರಸಾದ್ ಅಲ್ಲೇ ಇದ್ದರು, ಬಳ್ಳಿ ಕಿತ್ತು ಬ್ಯಾಗಿನ ಮಣ್ಣು ಬೇರೆ ಮಾಡುತ್ತಾ. ಅವರೂ ಸ್ವಲ್ಪ ನಕ್ಕರು. ನಗದಿದ್ದರೆ ಚೆನ್ನಾಗಿತ್ತು.

"ಕಂಪ್ಯೂಟರ್ ಲ್ಯಾಬೇ ಬೇರೆ, ತೋಟವೇ ಬೇರೆ ಮೇಷ್ಟ್ರೇ. ಗಿಡಕ್ಕೆ ಡಿಲೀಟ್ ಬಟನ್ ಒತ್ತಿಬಿಟ್ರಲ್ಲ ನೀವು."

ನಾಣಯ್ಯನವರು ನನ್ನ ಕಡೆ ಬಂದು ದನಿ ತಗ್ಗಿಸಿದರು. "ನಿಮ್ಮ ಕೈಯಲ್ಲಿ ಇದ್ದಿದ್ದರೆ ಹೀಗೆ ಆಗ್ತಿರಲಿಲ್ಲ."

ಅದಕ್ಕೆ ನಾನು ಏನಾದರೂ ಹೇಳಬೇಕಿತ್ತು. ನಾನು ಮಾಡಿದ್ದು ಏನು? ಕಾಫಿ ಕುಡಿದು ಹೋಗಿ ಅಂದೆ.

ಮುಂದಿನ ಶನಿವಾರ ಗಿಡಕ್ಕೆ ಹೇಳಿದವರೆಲ್ಲ ಬರುತ್ತಾರಂತೆ. ಸಂತೆ ದಿನ, ಎಲ್ಲರಿಗೂ ಅನುಕೂಲ ಅಂತ. ತೀರ್ಥಪ್ರಸಾದ್ ಅವರೇ ಕರೆದಿದ್ದಾರೆ. ಎಲ್ಲರ ಎದುರು ನಿಂತು ತಪ್ಪು ತನ್ನದು ಅಂತ ಹೇಳಿ, ಬೇರೆ ಕಡೆಯಿಂದ ಗಿಡ ತೆಗೆದುಕೊಳ್ಳಿ ಅನ್ನುವುದಕ್ಕೆ.


12 ಮೇ, ಸೋಮವಾರ

ಮಳೆ 55 ಸೆಂಟ್.

ಮದ್ದಿನ ರೂಮಿನ ಬೀಗ ತೆಗೆಯುತ್ತಿದ್ದೆ. ಅವರು ಲ್ಯಾಪ್‌ಟಾಪ್ ಹಿಡಿದು ಬಂದರು. ಬೇರೆ ಯಾರೂ ಇರಲಿಲ್ಲ. ನೋಡಿಯೇ ಬಂದಿರಬೇಕು.

"ಅತ್ತೆ, ಒಂದು ತೋರಿಸ್ಲಿಕ್ಕೆ ಉಂಟು. ಗ್ರಾಂ ತೆಗೆದು ಮಿಲಿಗ್ರಾಂ ಮಾಡಿದ್ದೇನೆ. ಎರಡೂವರೆ ಗ್ರಾಂ ಅಂದರೆ ಎರಡು ಸಾವಿರದ ಐನೂರು. ಪಾಯಿಂಟೇ ಬೇಕಾಗುವುದಿಲ್ಲ. ಬಾಣ ಒತ್ತಿದರೆ ಐನೂರು ಐನೂರೇ ಏರ್ತದೆ, ಬೆಳ್ಳಿಯಪ್ಪನಿಗೂ ಸುಲಭ. ಇಲ್ಲಿ ಇನ್ನು ಇಂಟ್ ಇದ್ದರೂ ಏನೂ ಆಗುವುದಿಲ್ಲ."

ಬೀಗದ ಕೈ ತಿರುಗಲಿಲ್ಲ.

"ನನಗ್ಯಾಕೆ ಹೇಳ್ತೀರಿ?"

"ಫೈಲು ಯಾವತ್ತು ಬದಲಾಯಿತು ಅಂತ ಅದರಲ್ಲೇ ಇರ್ತದೆ ಅತ್ತೆ. ಅವತ್ತು ನಾವು ಊರಲ್ಲಿ ಇರಲಿಲ್ಲ."

ಅಷ್ಟೇ. ಕೋಪ ಇಲ್ಲ. ಕೊಂಕು ಇಲ್ಲ. ಕೊಂಕಿದ್ದರೆ ಉತ್ತರ ಕೊಡುತ್ತಿದ್ದೆ, ಅದು ನನಗೆ ಗೊತ್ತಿರುವ ಕೆಲಸ.

"ಕುಸುಮಾಗೆ ಹೇಳಿಲ್ಲ. ಹೇಳುವುದಿಲ್ಲ" ಅಂದರು. "ನೀವು ಈ ಊರಲ್ಲಿ ತಲೆ ಎತ್ತಿಕೊಂಡು ಇದ್ದವರು. ನಾನು ಹೇಗೂ ಹೊರಗಿನವನು, ಎರಡು ದಿನ ಮಾತಾಡಿ ಬಿಡ್ತಾರೆ."

ಹೊರಗಿನವನು. ಸಿಟ್ಟಿನಲ್ಲಿ ಹೇಳಿದ್ದಲ್ಲ. ನಾವು ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ ಹೇಳಿದರು.

ಅಲ್ಲೇ, ಆ ಕ್ಷಣದಲ್ಲೇ ಒಂದು ಮಾತು ಆಡಬಹುದಿತ್ತು. "ಮಳೆ ಬರೋ ಹಾಗಿದೆ, ಲ್ಯಾಪ್‌ಟಾಪ್ ಒಳಗಿಡಿ" ಅಂದೆ.


14 ಮೇ, ಬುಧವಾರ

ಮಳೆ 1 ಇಂಚು 10.

ಕುಸುಮಾ ಟ್ರಂಕು ಇಳಿಸಿ ಬಟ್ಟೆ ಜೋಡಿಸುತ್ತಿದ್ದಾಳೆ. ಶನಿವಾರ ಎಲ್ಲರಿಗೂ ಹೇಳಿ ಮುಗಿಸಿ, ಭಾನುವಾರ ಮೂರ್ನಾಡಿಗೆ. ಅವರ ಅಣ್ಣನ ಅಂಗಡಿಯಲ್ಲಿ ಇವರೂ ಕೂರುತ್ತಾರಂತೆ.

"ನೀನು ಅವರ ಮೇಲೆ ಅಷ್ಟು ಕೂಗಾಡಬಾರದಿತ್ತು" ಅಂದೆ.

"ನೀನು ಹೇಳ್ತಿದೀಯಾ ಅವ್ವ?" ಅಂದಳು. ಸೀರೆ ಮಡಿಸುವುದು ನಿಲ್ಲಿಸಲಿಲ್ಲ. "ನಾಲ್ಕು ವರ್ಷ ಆಯ್ತು, ಆ ಮನುಷ್ಯನ್ನ ಹೆಸರು ಹಿಡಿದು ಕೂಗಿಲ್ಲ ನೀನು. ಈಗ ಕನಿಕರ ಬಂತಾ? ಗಿಡ ಸತ್ತ ಮೇಲೆ?"

ಎದ್ದು ಬಂದೆ. ಅಡಿಗೆಮನೆಯಲ್ಲಿ ಆ ನಗ್ಗಿದ ಲೋಟ ಬೋರಲು ಹಾಕಿತ್ತು. ತೊಳೆದು ಬೇರೆಯೇ ಇಟ್ಟಿದ್ದರು. ಅವರೇ ತೊಳೆಯುತ್ತಾರೆ.


16 ಮೇ, ಶುಕ್ರವಾರ

ಮಳೆ 30 ಸೆಂಟ್.

ಇಡೀ ದಿನ ಒಂದು ಮಾತು ಕಟ್ಟುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಕಟ್ಟಿದೆ, ಪೂಜೆಯಲ್ಲಿ ಕೂತು ಕಟ್ಟಿದೆ. ಶಿವನ ಮುಂದೆ ಸಲೀಸಾಗಿ ಬರುತ್ತದೆ. ನಾಣಯ್ಯನವರ ಮುಖ ನೆನೆದರೆ ಅರ್ಧಕ್ಕೇ ತಪ್ಪಿಹೋಗುತ್ತದೆ. ನಾಳೆಯಿಂದ ಸಂತೆಯಲ್ಲಿ ನನ್ನ ನೋಡಿ ಆ ಡ್ರೈವರ್ ನಗುತ್ತಾನೆ. ನಗಲಿ ಅಂತ ಬರೆಯುವುದು ಸುಲಭ.

ತಪ್ಪು ತಮ್ಮದು ಅಂತ ಅವರು ಹೇಳಿಬಿಟ್ಟರೆ ಎಲ್ಲ ಮುಗಿಯಿತು. ನಾನು ಬಾಯಿ ತೆರೆಯುವುದೇ ಬೇಡ. ತಲೆ ಎತ್ತಿಕೊಂಡು ಇರಬಹುದು.

ಆಮೇಲೆ ಇಲ್ಲಿ ಕೂತು ಮಳೆ ಬರೆಯುತ್ತಾ ಇರುವುದು. ಎಷ್ಟು ಸೆಂಟ್ ಅಂತ.


17 ಮೇ, ಶನಿವಾರ, ಬೆಳಗ್ಗೆ

ಮಳೆ ನೋಡಿಲ್ಲ.

ಬಂದಿದ್ದಾರೆ. ಅಂಗಳದಲ್ಲಿ ಬೆಂಚು ಹಾಕಿಸಿದ್ದಾರೆ. ನಾಣಯ್ಯನವರ ದನಿ ಒಳಗೇ ಕೇಳಿಸುತ್ತದೆ — "ಎಲ್ಲಿ ನಮ್ಮ ಮೇಷ್ಟ್ರು? ಅಟೆಂಡೆನ್ಸ್ ತಗೊಳ್ಳಲಿ." ನಗು.

ಕುಸುಮಾ ಕಾಫಿಗೆ ಲೋಟ ಜೋಡಿಸುತ್ತಿದ್ದಳು. ನಗ್ಗಿದ್ದನ್ನು ತೆಗೆದು ಹಿಂದಿನ ಕಿಟಕಿಯಿಂದ ಆಚೆ ಎಸೆದೆ. ಬಾಳೆಬುಡಕ್ಕೆ ಬಿತ್ತು. "ಅವ್ವ!" ಅಂದಳು. "ಎಲ್ಲರಿಗೂ ಒಂದೇ ಲೋಟದಲ್ಲಿ ಕೊಡು" ಅಂದೆ. ಇನ್ನೊಂದು ಲೋಟ ತೆಗೆದು ಸಾಲಿಗೆ ಇಟ್ಟಳು.

ಬಾಯಿಗೆ ಬರುವ ಮೊದಲು ಒಂದು ಸಲ ಬರೆದುಬಿಡಬೇಕು ಅಂತ ಇಲ್ಲಿ ಬಂದು ಕೂತೆ. ಬರೆದದ್ದನ್ನು ನುಂಗಲು ಆಗುವುದಿಲ್ಲ.

ಆ ಫೈಲು ಬದಲಾಯಿಸಿದ್ದು ನಾನು. ಗಿಡ ಸುಟ್ಟಿದ್ದು ನಾನು. ಮತ್ತೆ ತಿದ್ದಿ ಮುಚ್ಚಿಟ್ಟದ್ದೂ ನಾನೇ. ಅವರಲ್ಲ.

ಅವರಲ್ಲ ಅಂದರೆ ಯಾರಲ್ಲ? ಯಾರು ಅಂತ ಹೇಳಬೇಡವೇ? ಏನು ಅಂತ ಹೇಳದಿದ್ದರೆ ಜಾಗ ಇಲ್ಲ ಅಂತ ನನಗೆ ಕಲಿಸಿದವರು ಅವರೇ. ನಾಲ್ಕು ವರ್ಷ ಅವರನ್ನು ಸಾಲಲ್ಲಿ ಇಟ್ಟೆ, ಕಿಟಕಿಗೆ ತರಲಿಲ್ಲ.

ಎದ್ದು ನಿಂತರು ಅನ್ನಿಸುತ್ತದೆ. ಬೆಂಚಿನ ಸದ್ದು ನಿಂತಿತು. ಗಂಟಲು ಸರಿ ಮಾಡಿಕೊಳ್ಳುತ್ತಿದ್ದಾರೆ... "ಎಲ್ಲರೂ ಬಂದದ್ದಕ್ಕೆ ಉಪಕಾರ. ಗಿಡ ಹಾಳಾದದ್ದು ನನ್ನ —"

ಇಲ್ಲ. ನಿಲ್ಲಿ ನೀವು. ನಾನು ಬರುತ್ತೇನೆ. ಹೀಗೇ ಹೇಳುವುದು —

ನನ್ನ ಅಳಿಯ ಬರೆದದ್ದು ಸರಿಯಾಗಿಯೇ ಇತ್ತು. ಅದನ್ನು —